ಬಣ್ಣ ಕುಡಿಯುವ ಬಾವಿ

ನಮ್ಮ ಓಣಿಯ ಬಾವಿಯೊಳಗೆ ರೆಕ್ಕೆಯ ಕಿನ್ನರಿ, ಒಬ್ಬಳು ಪರಿ, ಇದ್ದಾಳೆಂದು ನಾನು ಹದಿನೇಳನೆಯ ವಯಸ್ಸಿನವರೆಗೂ ನಂಬಿದ್ದೆ. ಹೇಳಿದವಳು ನನ್ನ ದಾದಿ, ಅಂದರೆ ಅಬ್ಬಾನ ತಾಯಿ ಮೀರಾಬಿ. ಆ ಪರಿ ಬಣ್ಣವೇ ಇಲ್ಲದ ದೇಶದಲ್ಲಿ ಹುಟ್ಟಿದವಳಂತೆ. ಅಲ್ಲಿ ಗಿಳಿಯೂ ಬೆಳ್ಳಗೆ, ಮೆಣಸಿನಕಾಯಿಯೂ ಬೆಳ್ಳಗೆ. ಒಂದು ದಿನ ಹಾರುತ್ತ ಹಾರುತ್ತ ಹಳೇ ಹುಬ್ಬಳ್ಳಿಯ ಮೇಲೆ ಬಂದಾಗ ನಮ್ಮ ಅಂಗಳದ ಹಗ್ಗದ ಮೇಲೆ ಒಣಹಾಕಿದ ಸೀರೆಗಳನ್ನು ಕಂಡಳು. ನೋಡುತ್ತ ನೋಡುತ್ತ ರೆಕ್ಕೆ ಬಡಿಯುವುದನ್ನೇ ಮರೆತು ನೆಟ್ಟಗೆ ಬಾವಿಗೆ ಬಿದ್ದಳು. ಅಂದಿನಿಂದ ಬಾವಿಗೆ ಯಾವ ಬಣ್ಣ ಬಿದ್ದರೂ ಕುಡಿದುಬಿಡುತ್ತಾಳೆ. ಅದಕ್ಕೇ ಬಣ್ಣಗಾರರ ನಡುವೆ ಇದ್ದರೂ ನಮ್ಮ ಬಾವಿಯ ನೀರು ಕನ್ನಡಿಯ ಹಾಗೆ.

ಬಾವಿ ಅಂಗಳಕ್ಕಿಂತ ಎತ್ತರದಲ್ಲಿದೆ, ನಮ್ಮ ಹಂಡೆಗಳ ನೀರು ಆಚೆಯ ಕಡೆಗೆ ಹರಿದುಹೋಗುತ್ತದೆ ಎಂದು ಅಬ್ಬಾ ಬೇರೆ ಕಾರಣ ಹೇಳುತ್ತಿದ್ದರು. ನನಗೆ ಪರಿಯ ಕಾರಣವೇ ಹಿಡಿಸಿತ್ತು.

ನಾವು ಸೀರೆಗೂ ನೂಲಿಗೂ ಬಣ್ಣ ಹಾಕುವವರು. ಅಬ್ಬಾ ಮಲ್ಲಿಕಸಾಬ ಹಂಡೆಯ ಮುಂದೆ ನಿಲ್ಲುತ್ತಿದ್ದರು, ದಾದಿ ಹಿಂದೆ ಕೂತು ಆಜ್ಞೆ ಮಾಡುತ್ತಿದ್ದಳು. ನೀರನ್ನು ನಾಲಗೆಯ ತುದಿಗೆ ಮುಟ್ಟಿಸಿ, ಇದಕ್ಕೆ ಕೆಂಪು ಹಿಡಿಯುತ್ತದೆ, ಇದಕ್ಕೆ ಹಿಡಿಯುವುದಿಲ್ಲ ಎಂದು ಹೇಳಿಬಿಡುತ್ತಿದ್ದಳು. ಸ್ಟೇಷನ್ ಕಡೆಯ ಬಾವಿಗಳ ಸವಳು ನೀರಿನಲ್ಲಿ ಕೆಂಪು ಮುನಿಸಿಕೊಂಡ ಸೊಸೆಯ ಹಾಗೆ ಮುಖ ತಿರುಗಿಸುತ್ತದೆ ಎನ್ನುತ್ತಿದ್ದಳು. ನಮ್ಮ ಬಾವಿಯ ಸಿಹಿನೀರೇ ನಮ್ಮ ಕಸುಬು. ಅದು ಹೋದರೆ ಅಬ್ಬಾ ತಮ್ಮ ಎರಡು ಹಂಡೆಗಳನ್ನು ಬೋರಲು ಹಾಕಿ, ಪಕ್ಕದ ಓಣಿಯ ಗುಲಾಬಸಾಬನ ದೊಡ್ಡ ಕಾರಖಾನೆಯಲ್ಲಿ ಕೂಲಿಗೆ ನಿಲ್ಲಬೇಕಿತ್ತು. ಗುಲಾಬಸಾಬ ನಮಗೆ ದೂರದ ಸಂಬಂಧಿ. ದೂರ ಎಷ್ಟೆಂದರೆ, ಅವನ ಹೆಂಡತಿ ಗುಲ್ಜಾರಬಿ ನಮ್ಮ ಮನೆಗೆ ಬಂದಾಗ ಕೂಡ್ರುತ್ತಿರಲಿಲ್ಲ, ನಿಂತೇ ಮಾತಾಡಿ ಹೋಗುತ್ತಿದ್ದಳು.

ನನಗೆ ಹದಿನಾರಿದ್ದಾಗ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂದು ಹೋಗಿತ್ತು. ಮರುವರ್ಷ ಮಳೆಗಾಲಕ್ಕೆ ಮುಂಚೆಯೇ ಸರಕಾರದವರು ನಮ್ಮ ಭಾಗದ ಬಾವಿಗಳನ್ನು ನೋಡಿಕೊಳ್ಳಲು ಒಬ್ಬ ಇನ್‌ಸ್ಪೆಕ್ಟರನನ್ನು ಹಾಕಿದರು. ಹೆಸರು ಗಿರಿಯಪ್ಪ, ಹತ್ತಿರದ ಸುಳ್ಳ ಗ್ರಾಮದ ಕಡೆಯವರು. ಖಾಕಿ ಕೋಟು, ಸೈಕಲ್ಲು, ಸೈಕಲ್ಲಿನ ಹಿಂದೆ ಒಂದು ತಗಡಿನ ಡಬ್ಬಿ. ಡಬ್ಬಿಯೊಳಗೆ ಕಾಡಿಗೆಯಂತೆ ಮಿನುಗುವ ಕಪ್ಪು ಹರಳುಗಳು. ಅವರು ಒಂದು ಹಿಡಿ ಹರಳನ್ನು ಬಕೀಟಿನಲ್ಲಿ ಹಾಕಿ, ಬಕೀಟನ್ನು ಬಾವಿಗೆ ಇಳಿಸಿ, ನಾಲ್ಕು ಸಲ ಮೇಲೆ ಕೆಳಗೆ ಎಳೆದರೆ ಬಾವಿಯ ನೀರೆಲ್ಲ ಕೆಂಪು. ಅಂಥ ಕೆಂಪನ್ನು ನಾನು ನೋಡಿರಲಿಲ್ಲ. ಪರಿಗೆ ಇವತ್ತು ಹಬ್ಬ ಎಂದುಕೊಂಡೆ.

ಗಿರಿಯಪ್ಪನವರು ಓಣಿಯ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು ತಿಳಿಸಿ ಹೇಳಿದರು. ನೀರಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ, ಕಾಲರಾ ಬಂದದ್ದು ಅವುಗಳಿಂದ. ಈ ಕೆಂಪು ಔಷಧ ಹುಳವನ್ನೂ ಹೊಲಸನ್ನೂ ಸುಡುತ್ತದೆ. ಹೊಲಸು ಬಹಳ ಇದ್ದರೆ ಔಷಧ ಅದನ್ನು ಸುಡುವುದರಲ್ಲೇ ತೀರಿಹೋಗಿ ಬಣ್ಣ ಸಾಯುತ್ತದೆ.

"ಅರ್ಧಾ ತಾಸ ಆದ ಮ್ಯಾಲೂ ನೀರು ಕೆಂಪ ಇದ್ರ ಬಾಂವಿ ಸ್ವಚ್ಛ ಐತಿ ಅಂತ ತಿಳೀರಿ," ಎಂದರು. "ಬಣ್ಣ ಹೋತಂದ್ರ ಒಳಗ ಏನೋ ಹೊಲಸ ಐತಿ. ಅರ್ಧಾ ತಾಸ ಆಗೂತನಕಾ ಯಾರೂ ಬಾಂವಿ ಕಡೆ ಬರಬ್ಯಾಡ್ರಿ."

ನಮ್ಮ ಎದುರು ಮನೆಯ ಸಾವಂತ್ರೆವ್ವ ಸೆರಗು ಸರಿ ಮಾಡಿಕೊಂಡು ಕೇಳಿದಳು. "ಕಣ್ಣಿಗೆ ಕಾಣದ ಹುಳಾ ನಿಮಗ ಹೆಂಗ ಕಂಡೂವರಿ ಸಾಹೇಬ್ರ?"

ಪುಣೆಯಲ್ಲಿ ಅದಕ್ಕೊಂದು ಕನ್ನಡಕ ಇದೆ ಎಂದು ಗಿರಿಯಪ್ಪ ಹೇಳಿದರು. ಅಷ್ಟು ದೂರದಿಂದ ನೋಡಿದರೆ ಯಾರಿಗಾದರೂ ಏನಾದರೂ ಕಾಣುತ್ತದೆ ಎಂದು ಸಾವಂತ್ರೆವ್ವ ಆಮೇಲೆ ನಮ್ಮ ಹತ್ತಿರ ಹೇಳಿದಳು.

ಈ ಮಾತುಗಳನ್ನೆಲ್ಲ ಕೇಳದೆ ಇದ್ದವಳು ದಾದಿ ಒಬ್ಬಳೇ. ಅವಳು ಹಿತ್ತಲಿನಲ್ಲಿ ಮದುವೆ ಮನೆಯೊಂದರ ಹಳದಿ ಬಟ್ಟೆಯ ಮೇಲೆ ಕಣ್ಣಿಟ್ಟು ಕೂತಿದ್ದಳು. ಅಬ್ಬಾ ಆತುರಕ್ಕೆ ಬಿದ್ದು ಔಷಧ ಹಾಕಿದ ಅದೇ ನೀರಿನಲ್ಲಿ ಬಟ್ಟೆ ಅದ್ದಿದರು. ನಿಂಬೆ ಹಳದಿ ಆಗಬೇಕಾದದ್ದು ಸಗಣಿಯ ಬಣ್ಣವಾಗಿ ಮೇಲೆ ಬಂತು. ದಾದಿ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆ ಮೇಲೆ ಯಾರಾದರೂ ಔಷಧದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

ಮುಂದಿನ ಗುರುವಾರ ಗಿರಿಯಪ್ಪ ಔಷಧ ಹಾಕಿ, ಬೇರೆ ಓಣಿಗಳನ್ನು ಸುತ್ತಿ, ಅರ್ಧ ತಾಸಿಗೆ ತಿರುಗಿ ಬಂದು ಇಣುಕಿದರೆ ನೀರು ತಿಳಿಯಾಗಿತ್ತು. ಅದರ ಮುಂದಿನ ಗುರುವಾರವೂ ತಿಳಿ. ಅವರು ಎರಡು ಹಿಡಿ ಹಾಕಿದರು. ಅದೂ ಹೋಯಿತು. ಮೂರು ಹಿಡಿ ಹಾಕಿದರು, ನೀರು ಕಪ್ಪು ದ್ರಾಕ್ಷಿಯ ರಸದಂತೆ ಆಯಿತು, ತಾಸಿನೊಳಗೆ ಅದೂ ಮಾಯ. ಪರಿ ಇಷ್ಟು ಕುಡಿದರೆ ಅವಳ ಗತಿ ಏನೆಂದು ನನಗೆ ನಿದ್ದೆ ಬರಲಿಲ್ಲ.

ಗಿರಿಯಪ್ಪನವರು ಸುಮ್ಮನೆ ಕೂಡ್ರುವವರಲ್ಲ. ಎಲ್ಲಿಂದಲೋ ಬಚ್ಚಲ ನೀರು ಬಾವಿಗೆ ಇಳಿಯುತ್ತಿರಬೇಕು ಎಂದು ಓಣಿಯ ಒಂಬತ್ತು ಮನೆಗಳ ಬಚ್ಚಲುಗಳನ್ನು ಅಗೆಸಿದರು. ಸಾವಂತ್ರೆವ್ವನ ಬಚ್ಚಲನ್ನು ಎರಡು ಸಲ ಅಗೆಸಿದರು. ಎರಡನೆಯ ಸಲ ಅವಳ ಅತ್ತೆಯ ಕಾಲದಲ್ಲಿ ಕಳೆದುಹೋದ ಬೆಳ್ಳಿಯ ಉಂಗುರವೊಂದು ಸಿಕ್ಕದ್ದರಿಂದ ಅವಳು ಮೂರನೆಯ ಸಲವೂ ಅಗೆಯಿರಿ ಎಂದು ತಾನಾಗಿಯೇ ಕೇಳಿಕೊಂಡಳು. ಉಂಗುರ ಬಿಟ್ಟರೆ ಯಾವ ಸೋರಿಕೆಯೂ ಸಿಗಲಿಲ್ಲ.

ಇತ್ತ ಗುಲಾಬಸಾಬನ ಓಣಿಯ ಬಾವಿಯಲ್ಲಿ ಈ ಗುರುವಾರ ಹಾಕಿದ ಬಣ್ಣ ಮುಂದಿನ ಗುರುವಾರದವರೆಗೂ ಇರುತ್ತಿತ್ತು. ಇಡೀ ಭಾಗದಲ್ಲಿ ಅಷ್ಟು ಸ್ವಚ್ಛವಾದ ಬಾವಿ ಇನ್ನೊಂದಿಲ್ಲ ಎಂದು ಗಿರಿಯಪ್ಪ ಹೋದಲ್ಲಿ ಬಂದಲ್ಲಿ ಹೇಳಿದರು. ಪ್ರತಿ ವಾರ ಸುತ್ತು ಮುಗಿದ ಮೇಲೆ ಅಲ್ಲಿಯೇ ಒಂದು ಗ್ಲಾಸು ನೀರು ಕುಡಿದು, ಬಿಳಿ ರುಮಾಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಗುಲ್ಜಾರಬಿ ಈಗ ನಮ್ಮ ಮನೆಗೆ ಬಂದು ಕೂಡ್ರತೊಡಗಿದಳು. ದಾದಿಯ ಮುಂದೆ ಕೂತು, "ನಿಮ್ಮ ಬಾಂವ್ಯಾಗ ಏನ್ ಸತ್ತೈತಿ ಒಂದೀಟ ನೋಡಿಸ್ರಿ ಆಪಾ," ಎಂದು ಬಹಳ ಕಾಳಜಿಯಿಂದ ಹೇಳಿದಳು. "ನಿಮ್ಮ ಮಲ್ಲಿಕಗ ನಮ್ಮಲ್ಲಿ ಯಾವಾಗ್ಲೂ ಜಾಗಾ ಐತಿ."

ದಾದಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. ಆದರೆ ಆ ದಿನದ ಎಲೆಗೆ ಸುಣ್ಣ ಹೆಚ್ಚಾಗಿ ಅವಳ ಬಾಯಿ ಸುಟ್ಟಿತು.

ಮೂರು ತಿಂಗಳಾದ ಮೇಲೆ ಗಿರಿಯಪ್ಪ ಒಂದು ಕಾಗದ ತಂದು ಓದಿದರು. ಇನ್ನು ಎರಡು ಗುರುವಾರ ಮಾತ್ರ. ಎರಡನೆಯ ಗುರುವಾರವೂ ಬಣ್ಣ ನಿಲ್ಲದಿದ್ದರೆ ಬಾವಿಯ ಬಾಯಿಗೆ ಫರಸಿ ಕಲ್ಲಿನ ಚಪ್ಪಡಿ ಮುಚ್ಚಲಾಗುವುದು, ಓಣಿಯವರು ಗುಲಾಬಸಾಬನ ಓಣಿಯಿಂದ ನೀರು ತರಬೇಕು. ಅಬ್ಬಾ ಆ ರಾತ್ರಿ ಊಟ ಮಾಡಲಿಲ್ಲ. ನಾನು ಒಂದು ನಿರ್ಧಾರ ಮಾಡಿದೆ. ಗುರುವಾರ ಔಷಧ ಹಾಕಿದ ಮೇಲೆ ಬಾವಿಯ ಹತ್ತಿರ ಯಾರೂ ಇರುವುದಿಲ್ಲ. ಆಗ ಹೋಗಿ ಪರಿಗೆ ಕೈ ಮುಗಿದು, ಎರಡು ವಾರ ಉಪವಾಸ ಇರು ತಾಯಿ ಎಂದು ಕೇಳಿಕೊಳ್ಳುವುದು.

ಮೊದಲ ಗುರುವಾರ ಗಿರಿಯಪ್ಪನ ಸೈಕಲ್ಲು ಓಣಿ ತಿರುಗುವುದನ್ನೇ ಕಾದು, ನಾನು ಬಾವಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಡಗಿ ಕೂತೆ. ಕೇಳಿಕೊಳ್ಳುವ ಮೊದಲು ಒಂದು ಸಲ ಅವಳನ್ನು ನೋಡಬೇಕೆಂಬ ಆಸೆ. ಸ್ವಲ್ಪ ಹೊತ್ತಿಗೆ ಬಳೆಗಳ ಸದ್ದು ಕೇಳಿಸಿತು. ಪರಿಯೇ ಬಂದಳು ಎಂದುಕೊಂಡೆ. ಕಲ್ಲಿನ ಸಂದಿಯಿಂದ ನೋಡಿದೆ.

ದಾದಿ. ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈ ಸೊಂಟದ ಮೇಲೆ. ಕೊಡದಿಂದ ಹುಣಸೆ ಹುಳಿಯನ್ನು ಬೀಜ ಸಮೇತ ಬಾವಿಗೆ ಸುರಿಯುತ್ತಿದ್ದಳು. ಕೆಂಪು ನೀರು ಅವಳ ಕಣ್ಣ ಮುಂದೆಯೇ ಕರಗತೊಡಗಿತ್ತು, ಅವಳು ತಲೆದೂಗುತ್ತಿದ್ದಳು.

ನಾನು ಎದ್ದು ನಿಂತೆ. ದಾದಿ ಬೆಚ್ಚಲಿಲ್ಲ.

"ನೋಡಿದೇನು?"

"ನೋಡಿದೆ."

"ಹಂಗಾರ ಬಾ, ಈ ಎರಡನೇ ಕೊಡಾ ಎತ್ತು. ನನ್ನ ನಡಾ ಹಿಡಿದೈತಿ."

"ದಾದಿ, ಪರಿ?"

"ಪರಿ ಎಲ್ಲಿ ಹೊಕ್ಕಾಳ, ಅದಾಳ. ಆಕಿಗೂ ವಯಸ್ಸಾಗೇತಿ, ಒಬ್ಬಾಕಿ ಎಷ್ಟಂತ ಕುಡೀಬೇಕು. ನಾ ಒಂಚೂರು ಕೈ ಹಚ್ತೇನಿ."

ನಮ್ಮ ಕಸುಬಿನಲ್ಲಿ ಬಣ್ಣ ತಪ್ಪಿದ ಬಟ್ಟೆಯಿಂದ ಬಣ್ಣ ಕೀಳಲು ಹುಳಿ ಹಾಕುವುದು ಹೊಸದಲ್ಲ. ಬಟ್ಟೆ ಜಾಲಿಸುವಾಗ ಹಿಂಡಿದ ನೀರು ತಿಳಿಯಾಗಿ ಬಂದರೆ ಕೆಲಸ ಮುಗಿಯಿತು ಎಂದು ಅರ್ಥ. ಬಾವಿಗೆ ಯಾರೋ ಹಸಿ ಬಣ್ಣ ಹಾಕಿ ಹೋಗುತ್ತಾರೆ, ಆಮೇಲೆ ಬಂದು ನೀರು ಸರಿ ಇಲ್ಲ ಎಂದು ಬೈಯುತ್ತಾರೆ ಎಂಬುದಷ್ಟೇ ದಾದಿಗೆ ಗೊತ್ತಿತ್ತು. ಬಣ್ಣ ಪೂರ್ತಿ ಹೋಗಲಿಲ್ಲವೆಂದೇ ಸಿಟ್ಟು ಎಂದು ತಿಳಿದು, ಅವರು ಹರಳು ಹೆಚ್ಚಿಸಿದಂತೆಲ್ಲ ಇವಳು ಹುಳಿ ಹೆಚ್ಚಿಸಿದ್ದಳು. ಮನೆಯಲ್ಲಿ ಸಾರು ಸಪ್ಪೆಯಾಗುತ್ತ ಬಂದಿದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಬಣ್ಣ ನಿಂತರೇನೇ ಬಾವಿ ಉಳಿಯುತ್ತದೆ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ದಾದಿ ಬಾವಿಯ ಕಟ್ಟೆಯ ಮೇಲೆ ಕೂತಳು. ಕೊನೆಗೆ, "ಮಲ್ಲಿಕಗ ಹೇಳಬ್ಯಾಡ," ಎಂದಳು. ಮತ್ತೆ ಇನ್ನು ಮುಂದೆ ಹುಳಿ ಮುಟ್ಟುವುದಿಲ್ಲ ಎಂದು ನನ್ನ ತಲೆಯ ಮೇಲೆ ಕೈ ಇಟ್ಟಳು. ನನಗೆ ಹಾಯೆನಿಸಿತು. ಹುಳಿ ಬೀಳದಿದ್ದರೆ ಬಣ್ಣ ನಿಲ್ಲುತ್ತದೆ, ಬಾವಿ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಎರಡನೆಯ ಗುರುವಾರ ಗಿರಿಯಪ್ಪ ಎತ್ತಿನ ಚಕ್ಕಡಿಯಲ್ಲಿ ಫರಸಿ ಕಲ್ಲು ಹೇರಿಸಿಕೊಂಡೇ ಬಂದರು. ಈ ಸಲ ಬೇರೆಡೆಗೆ ಹೋಗಲಿಲ್ಲ, ಗಡಿಯಾರ ಕೈಯಲ್ಲಿ ಹಿಡಿದು ಕಟ್ಟೆಯ ಹತ್ತಿರವೇ ನಿಂತರು. ಓಣಿಗೆ ಓಣಿಯೇ ನೆರೆದಿತ್ತು. ಗುಲ್ಜಾರಬಿ ಹೊಸ ಸೀರೆ ಉಟ್ಟು ಬಂದಿದ್ದಳು. ನಾನು ದಾದಿಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಕೂಡ್ರಿಸಿ, ಎರಡೂ ಕೈಗಳನ್ನು ತೊಡೆಯ ಮೇಲೆ ಬಿಡಿಸಿ ಇಟ್ಟುಕೊಳ್ಳಲು ಹೇಳಿದ್ದೆ.

ಐದು ನಿಮಿಷ ನೀರು ಚೆನ್ನಾಗಿ ಕೆಂಪಗಿತ್ತು. ಹತ್ತು ನಿಮಿಷಕ್ಕೆ ಮಾಸಿತು. ಹದಿನೈದಕ್ಕೆ ತಿಳಿ.

ನಾನು ದಾದಿಯನ್ನು ನೋಡಿದೆ. ನಾನಲ್ಲ ಎನ್ನುವಂತೆ ಅವಳು ಎರಡೂ ಅಂಗೈಗಳನ್ನು ನನ್ನ ಕಡೆ ತಿರುಗಿಸಿದಳು. ಅವಳ ತಪ್ಪಿರಲಿಲ್ಲ, ಈ ವಾರದ ಮಟ್ಟಿಗೆ. ಮೂರು ತಿಂಗಳು ಸುರಿದ ಹುಳಿ ಬಾವಿಯ ತಳದಲ್ಲಿ ಕೂತು ಈಗ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತಿತ್ತು.

ಗಿರಿಯಪ್ಪ ರುಮಾಲಿನಿಂದ ಹಣೆ ಒರೆಸಿಕೊಂಡು, ಕಲ್ಲು ಇಳಿಸಲು ಹೇಳಿದರು. ಅವರ ದನಿಯಲ್ಲಿ ಖುಷಿ ಇರಲಿಲ್ಲ. ಅಬ್ಬಾ ತಲೆ ತಗ್ಗಿಸಿ ಮನೆಯ ಕಡೆ ತಿರುಗಿದರು. ಆಗ ದಾದಿ ಎದ್ದಳು.

"ಒಂದ ಗಳಿಗಿ ನಿಂದರ್ರಿ ಸಾಹೇಬ್ರ. ಬಾಂವ್ಯಾಗ ಹೊಲಸ ಇಲ್ಲ. ಬಾಂವ್ಯಾಗ ನಾ ಅದೇನಿ."

ಯಾರಿಗೂ ಅರ್ಥವಾಗಲಿಲ್ಲ. ದಾದಿ ಎರಡು ಗ್ಲಾಸು ತರಿಸಿದಳು. ಗಿರಿಯಪ್ಪನವರ ಡಬ್ಬಿಯಲ್ಲಿ ಕುದಿಸಿ ಆರಿಸಿದ ನೀರಿನ ಬಾಟಲಿ ಇತ್ತು, ಅದನ್ನೇ ಎರಡಕ್ಕೂ ಹಾಕಿಸಿ, ಒಂದೊಂದು ಹರಳು ಬಿಡಲು ಹೇಳಿದಳು. ಎರಡೂ ಕೆಂಪಾದವು. ಸಾವಂತ್ರೆವ್ವನ ಮನೆಯಿಂದ ಬಂದ ಲಿಂಬೆಹಣ್ಣನ್ನು ಕೊಯ್ದು ಒಂದಕ್ಕೆ ಹಿಂಡಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆ ಗ್ಲಾಸು ತಿಳಿಯಾಯಿತು. ಇನ್ನೊಂದು ಕೆಂಪಗೆ ಹಾಗೆಯೇ ಉಳಿಯಿತು. ಆಮೇಲೆ ಅವಳು ಹುಣಸೆಯ ಕಥೆಯನ್ನೆಲ್ಲ ಹೇಳಿದಳು. ಅಬ್ಬಾ ಓಣಿಯ ನಡುವೆ ನಿಂತವರು ಹಾಗೆಯೇ ನಿಂತುಬಿಟ್ಟರು.

ಗಿರಿಯಪ್ಪ ಎರಡೂ ಗ್ಲಾಸುಗಳನ್ನು ಎತ್ತಿ ಹಿಡಿದು ನೋಡಿದರು. "ಅವ್ವಾರ, ನಿಮ್ಮ ಬಾಂವಿ ಸಲುವಾಗಿ ನಾ ಒಂಬತ್ತು ಮನಿ ಬಚ್ಚಲಾ ಅಗಿಸೇನ್ರಿ."

"ಗೊತ್ತೈತ್ರಿ," ಎಂದಳು ದಾದಿ. "ನೀವು ಇಷ್ಟ್ಯಾಕ ಅಗಸಾಕತ್ತೀರಿ ಅಂತ ನನಗೂ ಅನಸ್ತಿತ್ತು."

ಕೆಲವರು ನಕ್ಕರು. ಗಿರಿಯಪ್ಪ ನಗಲಿಲ್ಲ. ಇಷ್ಟು ದಿನ ಸುಳ್ಳು ಲೆಕ್ಕ ಮೇಲಿನವರಿಗೆ ಕಳಿಸಿದೆನಲ್ಲ ಎಂಬ ಚಿಂತೆ ಅವರ ಮುಖದ ಮೇಲೆ ಇಳಿಯುತ್ತಿತ್ತು. ಮತ್ತೆ ರುಮಾಲು ತೆಗೆದರು. ದಾದಿ ಥಟ್ಟನೆ ಆ ರುಮಾಲನ್ನೇ ಅವರ ಕೈಯಿಂದ ಇಸಿದುಕೊಂಡು, ಬಟ್ಟೆಯನ್ನು ನೋಡುವ ತನ್ನ ರೀತಿಯಲ್ಲಿ ಬಿಸಿಲಿಗೆ ಹಿಡಿದಳು. ಅಲ್ಲಲ್ಲಿ ತಿಳಿಗೆಂಪು ಕಲೆಗಳಿದ್ದವು.

"ಇದನ್ನ ಎಲ್ಲಿ ಒರಿಸಿಕೊಂಡ್ರಿ?"

ಗುಲಾಬಸಾಬನ ಬಾವಿಯ ನೀರು ಕುಡಿದು ಬಾಯಿ ಒರೆಸಿಕೊಂಡದ್ದು, ನಿಮ್ಮ ಔಷಧದ ಕಲೆ ತೊಳೆದರೂ ಹೋಗುವುದಿಲ್ಲ ಎಂದು ಮನೆಯಲ್ಲಿ ಹೆಂಡತಿ ಬೈಯುತ್ತಾಳೆ ಎಂದು ಅವರು ಹೇಳಿದರು.

"ನಿಮ್ಮ ಔಷಧದ ಕಲಿ ಅರಿವಿ ಮ್ಯಾಲ ಸಗಣಿ ಬಣ್ಣ ಆಗ್ತೈತ್ರಿ. ನನ್ನ ಹಳದಿ ಅರಿವಿ ಹಾಳಾದಾಗ ನೋಡೇನಿ," ಎಂದಳು ದಾದಿ. "ಇದು ಔಷಧ ಅಲ್ಲ. ಇದು ನಮ್ಮವರ ಕೈ ಬಣ್ಣ."

ಗುಲ್ಜಾರಬಿಗೆ ಮನೆಯಲ್ಲಿ ಒಲೆಯ ಮೇಲೆ ಏನನ್ನೋ ಇಟ್ಟು ಬಂದದ್ದು ಆಗಲೇ ನೆನಪಾಯಿತು. ಆದರೆ ಅವಳು ಹೋಗುವ ದಾರಿಯಲ್ಲೇ ಎಲ್ಲರೂ ಹೊರಟರು. ಚಕ್ಕಡಿಯೂ ಹಿಂದೆ ಬಂತು.

ಗುಲಾಬಸಾಬನ ಬಾವಿಯಿಂದ ಒಂದು ಗ್ಲಾಸು ನೀರು ಸೇದಿದರು. ಅಂದು ಔಷಧ ಇನ್ನೂ ಹಾಕಿರಲಿಲ್ಲ, ನೀರು ಮಾತ್ರ ಚೆಂದದ ಗುಲಾಬಿ ಬಣ್ಣಕ್ಕಿತ್ತು. ದಾದಿ ಅರ್ಧ ಲಿಂಬೆಹಣ್ಣು ಹಿಂಡಿದಳು. ಬಣ್ಣ ಅಲುಗಲಿಲ್ಲ. ಇನ್ನರ್ಧ ಹಿಂಡಿದಳು. ಇನ್ನಷ್ಟು ಕಳೆ ಬಂದಂತೆ ಕಂಡಿತು. ಗದ್ದಲ ಕೇಳಿ ಹೊರಗೆ ಬಂದ ಗುಲಾಬಸಾಬನಿಗೆ ಏನು ನಡೆದಿದೆ ಎಂಬುದು ಗೊತ್ತಿರಲಿಲ್ಲ. ಹತ್ತು ಜನ ತನ್ನ ಬಣ್ಣಕ್ಕೆ ಹುಳಿ ಹಾಕಿ ಪರೀಕ್ಷೆ ಮಾಡುವುದನ್ನು ಕಂಡು ಅವನ ಕಸುಬಿನ ಹೆಮ್ಮೆ ಕೆರಳಿತು.

"ಏನ್ ಹಾಕಿದ್ರೂ ಹೋಗೂದಿಲ್ರಿ ಅದು," ಎಂದ. "ಜರ್ಮನ್ ಡಬ್ಬಿ ಮಾಲ. ನಮ್ಮ ಕಾರಖಾನಿದ ಐತಿ."

ಗುಲ್ಜಾರಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಾರಖಾನೆಯ ಮೋರಿ ಒಡೆದು, ಹಂಡೆ ತೊಳೆದ ನೀರೆಲ್ಲ ಬಾವಿಯ ಗೋಡೆಯ ಸಂದಿಯಿಂದ ಒಳಗೆ ಇಳಿಯುತ್ತಿದ್ದದ್ದು ಅರ್ಧ ತಾಸಿನಲ್ಲಿ ಪತ್ತೆಯಾಯಿತು. ಆ ಓಣಿಯಲ್ಲಿ ಅನ್ನ ಸ್ವಲ್ಪ ಕೆಂಪಗೆ ಬೇಯುತ್ತಿತ್ತಂತೆ. ಸರಕಾರಿ ಔಷಧ ಹೊಟ್ಟೆಗೂ ಛಲೋ ಎಂದು ಎಲ್ಲರೂ ಬಡಿಸಿಕೊಂಡು ಉಂಡಿದ್ದರು. ಗಿರಿಯಪ್ಪ ತಾವು ಕುಡಿದ ಗ್ಲಾಸುಗಳೆಷ್ಟೆಂದು ಎಣಿಸಲು ಹೋಗಿ, ಅರ್ಧಕ್ಕೆ ಬಿಟ್ಟರು. ಮೋರಿ ದುರಸ್ತಿಯಾಗಿ ಬಾವಿ ತೊಳೆಯುವವರೆಗೆ ಫರಸಿ ಕಲ್ಲು ಆ ಬಾವಿಯ ಮೇಲೆ ಕೂತಿತು.

ಹಾಗೆಂದು ನಮ್ಮ ಬಾವಿ ಪಾರಾಗಲಿಲ್ಲ. ಹೊಲಸೋ ಹುಣಸೆಯೋ, ಬಣ್ಣ ನಿಲ್ಲದ ಬಾವಿಯಲ್ಲಿ ಔಷಧ ಕಾಲರಾದ ಹುಳವನ್ನು ಕೊಲ್ಲುವ ಮೊದಲೇ ಸತ್ತುಹೋಗುತ್ತದೆ, ಇನ್ನೊಂದು ಕಲ್ಲು ತರಿಸಲು ತಮಗೆ ತಡವಾಗುವುದಿಲ್ಲ ಎಂದು ಗಿರಿಯಪ್ಪ ಖಡಾಖಂಡಿತವಾಗಿ ಹೇಳಿದರು. ದಾದಿಯ ಮುಖ ಅಂದು ಮೊದಲ ಸಲ ಸಣ್ಣಗಾಯಿತು. ನೀರು ತಿಳಿ ಮಾಡಿ ಓಣಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡವಳು, ಒಂದು ವೇಳೆ ಈ ಮಳೆಗಾಲದಲ್ಲಿ ಕಾಲರಾ ಬಂದಿದ್ದರೆ ಎಂದು ಯೋಚಿಸುತ್ತಿದ್ದಳು. ಹಿಂದಿನ ವರ್ಷ ಈ ಓಣಿಯಿಂದ ಹೊರಟ ನಾಲ್ಕು ಹೆಣಗಳನ್ನು ಅವಳು ನೋಡಿದ್ದಳು.

ಒಂದು ವಾರದ ಗಡುವು ಸಿಕ್ಕಿತು. ಅಬ್ಬಾ ಮತ್ತು ಓಣಿಯ ಗಂಡಸರು ಎರಡು ದಿನ ಸೇದಿ ಸೇದಿ ಬಾವಿ ಬರಿದು ಮಾಡಿ, ಒಳಗಿಳಿದು ಕೆಸರು ಎತ್ತಿದರು. ಎರಡು ಬುಟ್ಟಿ ಹುಣಸೆಬೀಜ ಮೇಲೆ ಬಂತು. ಅಬ್ಬಾ ಒಂದೊಂದು ಬುಟ್ಟಿಯನ್ನೂ ದಾದಿಯ ಕಾಲ ಬಳಿ ತಂದಿಟ್ಟು, ಮತ್ತೆ ಒಳಗೆ ಇಳಿದರು. ಕೆಲವು ಬೀಜ ಮೊಳಕೆ ಒಡೆದಿದ್ದವು.

ಗುರುವಾರ ಹೊಸ ನೀರಿಗೆ ಔಷಧ ಬಿತ್ತು. ಗಿರಿಯಪ್ಪ ದಾದಿಯನ್ನು ತಮ್ಮ ಪಕ್ಕದಲ್ಲೇ ಕೂಡ್ರಿಸಿಕೊಂಡರು. ಯಾವ ಕೈ ಎಲ್ಲಿದೆ ಎಂದು ಕಾಣುವಷ್ಟು ಹತ್ತಿರ. ಹತ್ತು ನಿಮಿಷ, ಹದಿನೈದು ನಿಮಿಷ. ಅಬ್ಬಾ ಬಾವಿಯ ಕಡೆ ನೋಡದೆ ಹಂಡೆಯನ್ನು ತಿಕ್ಕುತ್ತಿದ್ದರು, ಮೊದಲೇ ಹೊಳೆಯುತ್ತಿದ್ದ ಹಂಡೆಯನ್ನು. ಇಪ್ಪತ್ತೈದಕ್ಕೆ ಬಣ್ಣ ಸ್ವಲ್ಪ ಇಳಿಯಿತು, ಆದರೆ ಹೋಗಲಿಲ್ಲ. ಮೂವತ್ತೈದು ನಿಮಿಷಕ್ಕೆ ಗಿರಿಯಪ್ಪ ಗಡಿಯಾರ ಮುಚ್ಚಿ ಪುಸ್ತಕ ತೆರೆದರು. ಬಣ್ಣ ಎಂಬ ಕಾಲಮ್ಮಿನಲ್ಲಿ 'ಇದೆ' ಎಂದು ಬರೆಯಹೊರಟವರು ದಾದಿಯ ಮುಖ ನೋಡಿ ತಡೆದರು.

"ಬರೇ ಐತಿ ಅಂದ್ರ ಹೆಂಗ್ರಿ?" ಎಂದು ದಾದಿ ಕೇಳಿದಳು. "ಗುಲಾಬನ ಬಾಂವ್ಯಾಗೂ ಇತ್ತು. ಯಾವ ಬಣ್ಣ ಅಂತ ಬರಕೊಳ್ರಿ. ಹಾಕಿದಾಗ ಬದನಿ ಹೂವಿನ ಬಣ್ಣ. ಈಗ ಮೂಲಂಗಿ ಹೂವಿಂದು. ಇದಕಿಂತ ತಿಳಿ ಆದ್ರ ಸಾಲೂದಿಲ್ಲ, ಇದಕಿಂತ ದಟ್ಟ ಇದ್ರ ನನ್ನ ಅರಿವಿ ಕೆಡ್ತಾವ."

ಗಿರಿಯಪ್ಪ ಬಾವಿಯೊಳಗೆ ಬಗ್ಗಿ ನೋಡಿದರು. ಪುಸ್ತಕದಲ್ಲಿ 'ಮೂಲಂಗಿ ಹೂವು' ಎಂದು ಬರೆದರು. ಆಮೇಲೆ ತಾವೇ ಒಂದು ಗ್ಲಾಸು ಸೇದಿ, ಮೊದಲು ನೀವೇ ಕುಡಿಯಬೇಕು ಎಂದು ದಾದಿಗೆ ಕೊಟ್ಟರು. ಹುಟ್ಟಿದಾಗಿನಿಂದ ಬಣ್ಣದಲ್ಲಿ ಕೈ ಅದ್ದಿದವಳು ಬಣ್ಣವನ್ನು ಎಂದೂ ಕುಡಿದವಳಲ್ಲ. ಗ್ಲಾಸನ್ನು ಬಿಸಿಲಿಗೆ ಹಿಡಿದಳು, ನಾಲಗೆಯ ತುದಿಗೆ ಮುಟ್ಟಿಸಿದಳು, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸಿದಳು. ನೀರಿಗೆ ಬಂದವರ ಸಾಲಿನ ತುದಿಯಲ್ಲಿ, ಕಂಕುಳಲ್ಲಿ ಕೊಡ ಹಿಡಿದುಕೊಂಡು, ಹೊತ್ತಾಯಿತೆಂದು ಮುಖ ಸಿಂಡರಿಸಿ ನಿಂತಿದ್ದವಳು ಗುಲ್ಜಾರಬಿ; ಅವಳ ಓಣಿಯ ಬಾವಿಯ ಮೇಲೆ ಕಲ್ಲು ಇನ್ನೂ ಕೂತಿತ್ತು.

ದಾದಿ ಅವಳನ್ನು ಮುಂದೆ ಕರೆದು ಹಗ್ಗ ಕೊಟ್ಟು, "ತುಂಬಿಕೋ," ಎಂದಳು. "ಹುಳಿ ಏನೂ ಇಲ್ಲ."